ಲೈನ್ ನಂದಲ್ರಿ

ಖಾನಾಪುರದ ಆಪರೇಟರ್ ಬಾಯಾರು ತೀರಿಕೊಂಡ ಸುದ್ದಿ ನನಗೆ ಮೊಬೈಲಿನಲ್ಲಿ ಬಂತು. ಯಾರೋ ಯಾರಿಗೋ ಕಳಿಸಿ, ಅವರು ಇನ್ಯಾರಿಗೋ ಕಳಿಸಿ, ಕೊನೆಗೆ ಬೆಳಗಾವಿಯ ನಮ್ಮ ಹಿಂದವಾಡಿ ಓಣಿಯ ಗುಂಪಿಗೆ ಬಂದು ಬಿದ್ದ ಸಂದೇಶ. ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಹೀಗೆ ಕೈಯಿಂದ ಕೈಗೆ ದಾಟಿ ಬರುವ ಸುದ್ದಿಗಳನ್ನು ಕಂಡರೆ ಬಾಯಾರಿಗೆ ಎಲ್ಲಿಲ್ಲದ ನಗು. ಇದನ್ನು ಹತ್ತು ಮಂದಿಗೆ ಕಳಿಸದಿದ್ದರೆ ಕೇಡು ತಪ್ಪದು ಎಂಬ ಇಮೇಲ್ ಬಂದಾಗಲೆಲ್ಲ ನನ್ನನ್ನು ಕರೆದು ತೋರಿಸುತ್ತಿದ್ದರು.

"ನೋಡ್ರಿ ಮಾಲಕರ, ಮೊದಲ ಇದು ಪೋಸ್ಟ್ ಕಾರ್ಡಿನ್ಯಾಗ ಬರತಿತ್ತು. ಈಗ ದೇವರ ಸಿಟ್ಟಿಗೂ ಕರೆಂಟ್ ಹತ್ತೈತಿ."

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ; ಬಾಯಾರು ಎಂಬುದು ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಮಾತಷ್ಟೇ. ಮರೆತಿಲ್ಲ. ಬರೆಯದೇ ಇರಲು ಕಾರಣವಿದೆ, ಅದನ್ನು ಹೇಳಲೆಂದೇ ಇಷ್ಟು ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿಯ ಆಸುಪಾಸು. ಹಿಂದವಾಡಿಯಲ್ಲಿ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಮನೆಮನೆಗೆ ಫೋನ್ ಬಂದು ಗಿರಾಕಿಗಳು ಕಡಿಮೆಯಾದಾಗ ಗಾಜಿನ ಗೂಡು ಕೀಳಿಸಿ, ಪ್ಲೈವುಡ್ಡಿನ ಮರೆ ಕಟ್ಟಿಸಿ, ಕಂಪ್ಯೂಟರ್ ಇಟ್ಟೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಂಪ್ಯೂಟರ್ ಹಚ್ಚಿಕೊಟ್ಟವನು ಕಲಿಸಿದ್ದಷ್ಟೇ ನನ್ನ ವಿದ್ಯೆ: ನಿಂತುಹೋದರೆ ಆರಿಸಿ ಮತ್ತೆ ಹಚ್ಚಬೇಕು, ಯಾರು ಏನೇನು ನೋಡಿ ಹೋದರು ಎಂದು ತಿಳಿಯಬೇಕಾದರೆ ಹಿಸ್ಟರಿ ಎಂಬ ಗುಂಡಿ ಒತ್ತಬೇಕು. "ಹುಡುಗ್ರು ಕೆಟ್ಟದ್ದು ನೋಡತಾರ, ಒಂದ ಕಣ್ಣಿಟ್ಟಿರ್ರಿ" ಎಂದು ಹೇಳಿ ಹೋಗಿದ್ದ.

ಬಾಯಾರು ಮೊದಲ ಸಲ ಬಂದ ದಿನ ಲೈನ್ ಸಿಗದೆ ನಾನು ಮೋಡೆಮ್ ಡಬ್ಬಿಯನ್ನು ಅಂಗೈಯಿಂದ ಬಡಿಯುತ್ತಿದ್ದೆ. ಆ ಕಾಲದಲ್ಲಿ ಇಂಟರ್‌ನೆಟ್ ಬರುವುದು ಫೋನಿನ ತಂತಿಯಲ್ಲೇ. ಬರುವ ಮೊದಲು ಡಬ್ಬಿ ಕೀರಲು ದನಿಯಲ್ಲಿ ಅರಚುತ್ತಿತ್ತು. ಬಾಗಿಲಲ್ಲಿ ಕೊಡೆ ಮಡಚುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬರು ತಲೆ ವಾರೆ ಮಾಡಿ ಆ ದನಿಯನ್ನೇ ಕೇಳಿದರು.

"ಬಡೀಬ್ಯಾಡ್ರಿ ಪಾಪ. ಈ ಸಲ ಹಿಡಿಯೂದಿಲ್ಲ. ಮುಂದಿನ ಸಲ ಹಿಡೀತೈತಿ."

ಹಾಗೇ ಆಯಿತು.

"ನಿಮಗ ಹೆಂಗ ಗೊತ್ತಾತ್ರಿ?"

"ಅವು ಎರಡು ಯಂತ್ರ ಒಂದಕ್ಕೊಂದು ಕ್ಷೇಮ ಕೇಳಾಕತ್ತಾವ್ರಿ. ಈಕಡಿಂದು ಆರಾಮೇನು ಅಂತೈತಿ, ಆಕಡಿಂದು ಉತ್ತರ ಕೊಡವಲ್ಲದು. ಕ್ಷೇಮ ಮುಗೀಲಾರದ ಮಾತಿಗೆ ಹೆಂಗ ಬರೂದು?"

ಅವರು ಖಾನಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಆಗಿ ದೂರದೂರಿನ ಕರೆಗಳನ್ನು ಕೈಯಿಂದ ಜೋಡಿಸಿಕೊಡುತ್ತಿದ್ದವರು. ಹೊಸ ಯಂತ್ರ ಬಂದು ನಂಬರುಗಳು ತಾವಾಗಿಯೇ ಜೋಡಣೆಯಾಗತೊಡಗಿದ ಮೇಲೆ ಅವರನ್ನು ಬಿಲ್ಲು ತುಂಬಿಸಿಕೊಳ್ಳುವ ಕಿಟಕಿಗೆ ಕೂರಿಸಿದ್ದರು. ವರ್ಷಾನುಗಟ್ಟಲೆ ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ನೆತ್ತಿಯ ಮೇಲೆ ಅಡ್ಡಲಾಗಿ ಕೂದಲು ತೆಳ್ಳಗಾಗಿತ್ತು, ಎರಡನೆಯ ಬೈತಲೆಯಂತೆ. ಕಂಪ್ಯೂಟರಿನ ಮುಂದೆ ಕೂರುವ ಮೊದಲು ಈಗಲೂ ಬಲಗಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ಕಿವಿಯಿಂದಲೇ ಇಂಟರ್‌ನೆಟ್ ನೋಡುವವರಂತೆ ನನಗೆ ಕಾಣುತ್ತಿತ್ತು.

ಅಂದಿನಿಂದ ಪ್ರತಿ ರವಿವಾರ ಬಂದರು. ಗೋಡೆಯ ಮೂಲೆಯ ಕಂಪ್ಯೂಟರೇ ಆಗಬೇಕು. ಅದು ಎಲ್ಲಕ್ಕಿಂತ ನಿಧಾನದ್ದು, ಬೇರೆ ಯಾರೂ ಅದಕ್ಕೆ ಕೂರುತ್ತಿರಲಿಲ್ಲ. ಅದಕ್ಕೆ 'ಮಾವನವರು' ಎಂದು ಹೆಸರಿಟ್ಟಿದ್ದರು: "ಹೇಳಿದ್ದ ಒಮ್ಮೆಗೇ ಕೇಳೂದಿಲ್ಲ, ಆದ್ರ ಮನಿ ಬಿಟ್ಟೂ ಹೋಗೂದಿಲ್ಲ." ತೆರೆಯ ಮೇಲೆ ಉಸುಕಿನ ಗಡಿಯಾರ ತಿರುಗುತ್ತ ನಿಂತರೆ, "ಮಾವನವರು ಜಪಕ್ಕ ಕುಂತ್ರು, ಚಹಾ ತರಸ್ರಿ" ಎನ್ನುವರು. ನೀವು ಹತ್ತು ಲಕ್ಷನೆಯ ವೀಕ್ಷಕರು, ಬಹುಮಾನ ಗೆದ್ದಿದ್ದೀರಿ ಎಂದು ಬಣ್ಣದ ಜಾಹೀರಾತು ಮಿಣುಕಿದರೆ, "ಹೋದ ವಾರಾನೂ ನಾನೇ ಹತ್ತ ಲಕ್ಷನೇದಾಕಿ ಇದ್ನಿ. ನಡುವ ಯಾರೂ ಬಂದೇ ಇಲ್ಲೇನು?" ಪಾಸ್‌ವರ್ಡ್ ಒತ್ತಿದಾಗ ಅಕ್ಷರದ ಬದಲು ಚುಕ್ಕಿಗಳು ಮೂಡುವುದನ್ನು ಕಂಡು ರಂಗೋಲಿ ಎನ್ನುತ್ತಿದ್ದರು. ಹುಡುಕಿದ ಪುಟ ಸಿಗದೆ ಇಂಗ್ಲಿಷಿನಲ್ಲಿ ತಪ್ಪು ಸಂದೇಶ ಬಂದರೆ ಬೆನ್ನು ನೆಟ್ಟಗೆ ಮಾಡಿ, ಹಳೆಯ ಡ್ಯೂಟಿಯ ದನಿಯಲ್ಲಿ, ಅಚ್ಚ ಪುಸ್ತಕದ ಕನ್ನಡದಲ್ಲಿ ಸಾರುತ್ತಿದ್ದರು: "ತಾವು ಹುಡುಕುತ್ತಿರುವ ಪುಟವು ಅಸ್ತಿತ್ವದಲ್ಲಿಲ್ಲ. ದಯವಿಟ್ಟು ಪರಿಶೀಲಿಸಿ." ಕಾಲೇಜಿನ ಹುಡುಗರು ಮರೆಯ ಹಿಂದೆ ಕಿಸಕ್ಕನೆ ನಗುತ್ತಿದ್ದರು. ಮೊಣಕಾಲು ಹಿಡಿದುಕೊಂಡು ಏಳುವಾಗ, "ಇವನ್ನೂ ಒಮ್ಮೆ ಆರಿಸಿ ಹಚ್ಚಬೇಕಾಗೇತಿ" ಎನ್ನುವರು.

ಕವಳಿ ಹಣ್ಣಿನ ಕಾಲದಲ್ಲಿ ಎಲೆಯ ದೊನ್ನೆಯಲ್ಲಿ ಹಣ್ಣು ತರುತ್ತಿದ್ದರು. ಕಂಪ್ಯೂಟರಿನ ಹತ್ತಿರ ತಿನ್ನಬಾರದೆಂದು ನಾನೇ ಬೋರ್ಡ್ ಹಾಕಿದ್ದೆ. ಅವರು ದೊನ್ನೆಯನ್ನು ಆ ಬೋರ್ಡಿನ ಕೆಳಗೇ ಇಟ್ಟು, "ಇದು ನಿಮ್ಮ ಬೋರ್ಡಿಗೆ ನೈವೇದ್ಯ" ಎಂದು ನಗುತ್ತಿದ್ದರು. ಹಣ್ಣಿನ ಹಾಲು ಅಂಟಿ ನನ್ನ ಬೆರಳುಗಳು ಸಂಜೆಯವರೆಗೂ ಕೀಲಿಗಳಿಗೆ ಹತ್ತಿಕೊಳ್ಳುತ್ತಿದ್ದವು.

ಅವರು ನೋಡುತ್ತಿದ್ದುದಾದರೂ ಏನು? ಮೊದಮೊದಲು ನನಗೆ ಅರ್ಥವಾಗುತ್ತಿರಲಿಲ್ಲ. ಪುಣೆಯ ರೈಲಿನ ಸಮಯ, ಹೆಂಚಿನ ಭಟ್ಟಿಯ ಯಾವುದೋ ಯಂತ್ರ, ಸೌದಿಯಲ್ಲಿರುವ ಒಂದು ಊರಿನ ಹವಾಮಾನ, ಹಸುವಿನ ಕೆಚ್ಚಲುಬಾವು ರೋಗಕ್ಕೆ ಔಷಧ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ರಜೆ ಹಾಕಿ ಬಂದವರು ನಂಬರಿನ ಮೇಲೆ ನಂಬರು ಒತ್ತುತ್ತಲೇ ಇದ್ದರು. ಕೈಯಲ್ಲಿ ಒಂದು ಚೀಟಿಯೂ ಇಲ್ಲ.

"ಇಷ್ಟೆಲ್ಲಾ ನೆನಪಿಟ್ಟೀರೇನ್ರಿ ಬಾಯಾರ? ಬರಕೊಂಡ ಬರಬಾರದ?"

"ನಂಬರ್ ನೆನಪಿಡೂದು ನನ್ನ ಹೊಟ್ಟಿಪಾಡಾಗಿತ್ತ್ರಿ. ಮತ್ತ ಕಾಗದಕ್ಕ ಕಾಲಿರತಾವು, ಎಲ್ಲೆಲ್ಲೋ ಹೋಗತೈತಿ."

"ಯಾರ್ದು ಇವು ನಂಬರ?"

"ಲೈನ್ ನಂದಲ್ರಿ. ನಾ ಬರೇ ಜೋಡಸಾಕಿ."

ಈ ಮಾತನ್ನು ಅವರು ಎಷ್ಟೋ ಸಲ ಆಡಿದ್ದಾರೆ. ಖಾನಾಪುರದವನೊಬ್ಬ ನನಗೆ ಹೇಳಿದ್ದ: ಊರಿನ ಜಗಳ, ಸಾಲ, ಕದ್ದ ಪ್ರೀತಿ, ಸಾವಿನ ಸುದ್ದಿ ಎಲ್ಲವೂ ಬಾಯಾರ ಕಿವಿಯ ಮೇಲೆ ಹಾದು ಹೋಗಿವೆ, ಆದರೆ ಅವರ ಬಾಯಿಂದ ಒಂದು ಮಾತು ಹೊರಬಿದ್ದದ್ದನ್ನು ಕೇಳಿದವರಿಲ್ಲ. ತಮ್ಮ ಸ್ವಂತ ಅಣ್ಣ ಯಾರಿಗೆ ಟ್ರಂಕ್ ಕಾಲ್ ಮಾಡುತ್ತಿದ್ದನೆಂದು ಅತ್ತಿಗೆ ಕೇಳಿದಾಗಲೂ ಅದೇ ಉತ್ತರವಂತೆ. ಈಗ ಎಕ್ಸ್‌ಚೇಂಜಿನ ಕೆಲಸ ಹೋಗಿತ್ತು, ಜನ ಬಿಟ್ಟಿರಲಿಲ್ಲ. ಕಣಕುಂಬಿ ರಸ್ತೆಯ ಹಳ್ಳಿಗಳಿಂದ ಬಿಲ್ಲು ತುಂಬಲು ಬಂದವರು ಕಿಟಕಿಗೆ ಬಾಗಿ ತಮ್ಮ ಪ್ರಶ್ನೆಯನ್ನು ಬಾಯಾರ ಕಿವಿಗೆ ಹಾಕಿ ಹೋಗುವರು. ರವಿವಾರ ಅವೆಲ್ಲ ನನ್ನ ಅಂಗಡಿಗೆ ಬರುತ್ತಿದ್ದವು. ಉತ್ತರಗಳು ಸಂಜೆಯ ರೈಲಿಗೆ ಹಿಂದಿರುಗುತ್ತಿದ್ದವು.

ಇಷ್ಟನ್ನೂ ನಾನು ಕಣ್ಣಾರೆ ಕಂಡಿದ್ದೆ. ಕಂಡೂ ಮಾಡಿದ ತಪ್ಪು ನನ್ನದು.

ಹಿಸ್ಟರಿ ಗುಂಡಿಯ ಚಪಲ ನನಗೆ ಹತ್ತಿತ್ತು. ಹುಡುಗರ ಮೇಲೆ ಕಣ್ಣಿಡಲು ಎಂಬುದು ನೆಪ. ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಒಂದೊಂದು ಕುರ್ಚಿಯಲ್ಲೂ ಕೂತು, ಆ ಕುರ್ಚಿಯಲ್ಲಿ ಕೂತವರು ಎಲ್ಲೆಲ್ಲಿ ಅಲೆದರೆಂದು ನೋಡುವೆ. ಯಾವ ಗುಮಾಸ್ತ ಕೆಲಸ ಬಿಡಲು ನೋಡುತ್ತಿದ್ದಾನೆ, ಯಾವ ಗೌರವಸ್ಥರು ವಧುವರರ ತಾಣದಲ್ಲಿ ವಯಸ್ಸು ಇಳಿಸಿದ್ದಾರೆ, ಎಲ್ಲ ತಿಳಿಯುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಅವರು ಎದುರಿಗೆ ಬಂದಾಗ ನನ್ನೊಳಗೆ ಒಂದು ನಗು ಏಳುತ್ತಿತ್ತು. ಆ ನಗುವೇ ಮೊದಲ ಪಾಪ ಎಂದು ಈಗ ಅನ್ನಿಸುತ್ತದೆ.

ಬಾಯಾರಿಗೆ ಮದುವೆಯಾಗಿರಲಿಲ್ಲ. ತೀರಿಕೊಂಡ ಅಣ್ಣನ ಮಗಳನ್ನು ತಾವೇ ಸಾಕಿ ಓದಿಸಿದ್ದರು. ಆ ಹುಡುಗಿಗೆ ನಮ್ಮ ಓಣಿಯಲ್ಲೇ ವರ ಕೂಡಿ ಬಂತು. ವರನ ತಂದೆ ನಮ್ಮ ಪಕ್ಕದ ಮನೆಯ ನಿವೃತ್ತರು. ಓಣಿಗೆಲ್ಲ ಅವರು 'ಅಣ್ಣಾರು'. ದಿನಾ ಸಂಜೆ ನನ್ನ ಅಂಗಡಿಗೆ ಬಂದು ಪೇಪರ್ ಓದುವವರು. ನಿಶ್ಚಯದ ದಿನ ಗೊತ್ತಾಗಿತ್ತು. ಆ ವಾರ ಬಾಯಾರು ಮಾವನವರಿಗೆ ಜರಿ ಕಾಗದದ ಹಾರ ಹಾಕಿ, "ಬೀಗರ ಓಣ್ಯಾಗ ಇದ್ದೀರಿ, ಮರ್ಯಾದಿಂದ ನಡೀರಿ ಇನ್ನ" ಎಂದು ಕಂಪ್ಯೂಟರಿಗೆ ಬುದ್ಧಿ ಹೇಳಿದ್ದರು.

ಅದೇ ರವಿವಾರ ಅವರು ಎದ್ದು ಹೋದ ಮೇಲೆ ನಾನು ಆ ಕುರ್ಚಿಯಲ್ಲಿ ಕೂತೆ. ಹಿಸ್ಟರಿಯಲ್ಲಿ ಒಂದೇ ಇಂಗ್ಲಿಷ್ ಪದ ಸಾಲು ಸಾಲಾಗಿ ಇತ್ತು. ನನಗೆ ಆ ಪದ ತಿಳಿಯಲಿಲ್ಲ. ಒಂದು ಪುಟ ತೆರೆದೆ, ಅದರಲ್ಲಿದ್ದ ಚಿತ್ರ ತಿಳಿಯಿತು: ನೆಲಕ್ಕೆ ಬಿದ್ದ ಹೆಂಗಸು, ಬಾಯಲ್ಲಿ ನೊರೆ, ಪಕ್ಕದಲ್ಲಿ ಮೊಣಕಾಲೂರಿದ ಒಬ್ಬಾತ. ಇನ್ನೊಂದು ಪುಟದಲ್ಲಿ ಮದುವೆ, ಬಸಿರು ಎಂಬ ಪದಗಳಷ್ಟು ನನ್ನ ಇಂಗ್ಲಿಷಿಗೆ ಸಿಕ್ಕವು. ಮೂರ್ಛೆ ರೋಗ. ಮದುವೆ. ಖಾನಾಪುರದ ಹುಡುಗಿ. ನನ್ನ ತಲೆ ತಾನೇ ಜೋಡಿಸಿಕೊಂಡಿತು.

ಸಂಜೆ ಅಣ್ಣಾರು ಬಂದರು. ಪೇಪರ್ ಬಿಡಿಸುತ್ತ ಕೇಳಿದರು, "ಏನಂತಾರ ನಮ್ಮ ಬೀಗರು? ಇವತ್ತ ಬಂದಿದ್ರಲ್ಲ?"

"ಬಾಯಾರು ಬಂಗಾರದಂಥವರ್ರಿ. ಆದ್ರ..."

ಆ 'ಆದ್ರ' ಯಾಕೆ ಬಂತೆಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಅಣ್ಣಾರಿಗೆ ಒಳ್ಳೆಯದಾಗಲೆಂದು ಅಲ್ಲ. ಅವರು ದಿನಾ ಪೇಪರ್ ಓದಿ ನನಗೆ ದೇಶದ ಸುದ್ದಿ ಹೇಳುತ್ತಿದ್ದರು. ಒಂದು ದಿನವಾದರೂ ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿರಲಿ ಎಂಬ ಆಸೆ. ಅವರು ಪೇಪರ್ ಕೆಳಗಿಟ್ಟು ನನ್ನ ಮುಖ ನೋಡಿದ ಆ ಕ್ಷಣ ನನಗೆ ಹಿತವಾಗಿತ್ತು. ಹೇಳಿಬಿಟ್ಟೆ.

ಮುಂದಿನ ರವಿವಾರ ಬಾಯಾರು ಬರುವುದನ್ನೇ ಕಾದು ಅಣ್ಣಾರು ಅಂಗಡಿಯಲ್ಲಿ ಕೂತಿದ್ದರು.

"ಬಾಯಾರ, ಒಂದ ಮಾತ ಕೇಳತೀನಿ, ತಪ್ಪ ತಿಳೀಬ್ಯಾಡ್ರಿ. ಹುಡುಗಿಗೆ ಫಿಟ್ಸ್ ಬರತಾವಂತ?"

ಬಾಯಾರು ಕೊಡೆಯನ್ನು ಗೋಡೆಗೆ ಆನಿಸುತ್ತಿದ್ದವರು ಹಾಗೇ ನಿಂತರು. ಮೂಲೆಯ ಕಂಪ್ಯೂಟರ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕೇಳುವುದೇನೂ ಉಳಿದಿರಲಿಲ್ಲ.

"ಇಲ್ರಿ ಅಣ್ಣಾರ. ಆಕಿಗೆ ಒಂದಿನಾನೂ ಬಂದಿಲ್ಲ."

"ಹಂಗಾದ್ರ ಇದರಾಗ ನೀವು ಯಾರ ಸಲುವಾಗಿ ನೋಡಿದ್ರಿ?"

ಬಾಯಾರು ಕೊಡೆಯನ್ನು ಗೋಡೆಗೆ ಆನಿಸಿ ನಿಲ್ಲಿಸಿದರು.

"ಒಂದ ಹೆಸರ ಹೇಳ್ರಿ ಸಾಕು. ನಾ ಯಾರ ಮುಂದೂ ಆಡೂದಿಲ್ಲ. ನನ್ನ ಮನಸ್ಸಿಗೆ ಸಮಾಧಾನ ಆಗ್ಲಿ."

"ಅದನ್ನ ಹೇಳಾಕ ಬರೂದಿಲ್ರಿ. ಲೈನ್ ನಂದಲ್ಲ."

"ಬಾಯಾರ, ನಿಮ್ಮ ಹುಡುಗಿ ಬಾಳೇ ಐತಿ ಇದರಾಗ!"

"ಗೊತ್ತೈತ್ರಿ." ಅವರ ದನಿ ಮೊದಲ ಸಲ ಸಣ್ಣಗಾಯಿತು. "ನಿಮ್ಮ ಕಡೆ ಡಾಕ್ಟರಿಗೆ ತೋರಸ್ರಿ. ನಾನೇ ಕರಕೊಂಡ ಬರತೀನಿ."

"ಡಾಕ್ಟರ್ ನೋಡಿದ ದಿನಾನೇ ಬಂದಿರತಾವೇನ್ರಿ ಅವು?" ಅಣ್ಣಾರು ಎದ್ದರು. ಕೆಟ್ಟ ಮನುಷ್ಯರಲ್ಲ. ಕಣ್ಣಲ್ಲಿ ನೀರಿತ್ತು. "ನಾನೂ ಒಬ್ಬ ತಂದಿ ಅದೀನಿ" ಎಂದು ಹೇಳಿ ಹೊರಟುಹೋದರು.

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಅಣ್ಣಾರ, ಇವರು ಊರ ಮಂದಿಯ ಪ್ರಶ್ನೆ ಹೊತ್ತು ತರುವವರು, ಹಸುವಿನ ಕೆಚ್ಚಲಿನದನ್ನೂ ಇಲ್ಲೇ ಹುಡುಕಿದ್ದಾರೆ ಎಂದು ಬೀದಿಗೆ ಓಡಿ ಹೇಳಬಹುದಿತ್ತು. ಹೇಳಿದರೆ ನಾನು ಕದ್ದು ನೋಡುವವನೆಂದು ಓಣಿಗೆಲ್ಲ ತಿಳಿಯುತ್ತಿತ್ತು. ಆಮೇಲೆ ಅಂಗಡಿಗೆ ಯಾರು ಬರುತ್ತಾರೆ? ಕೌಂಟರಿನ ಮೇಲಿನ ಧೂಳು ಒರೆಸುತ್ತ ನಿಂತೆ. ಬಾಯಾರು ಅಂದು ಕೂರಲಿಲ್ಲ. ಮಾವನವರ ಕೊರಳಲ್ಲಿದ್ದ ಜರಿ ಹಾರವನ್ನು ತೆಗೆದು, ಮಡಚಿ, ಚೀಲದಲ್ಲಿಟ್ಟುಕೊಂಡು ಹೋದರು.

ಮದುವೆ ಮುರಿಯಿತು. ಕಾರಣ ಇಲ್ಲದೆ ಮುರಿದ ಮದುವೆಗೆ ಮಂದಿ ಕಾರಣ ಹುಡುಕುತ್ತಾರೆ. ಇಲ್ಲಿ ಕಾರಣ ಸಿದ್ಧವಾಗೇ ಇತ್ತು. ಅದು ಖಾನಾಪುರಕ್ಕೂ ಹೋಯಿತು, ಆಮೇಲೆ ಕಾಕತಿಯಿಂದ ಹುಡುಗಿಗೆ ಬಂದ ಸಂಬಂಧಕ್ಕೂ ಅಡ್ಡ ಬಂತು ಎಂದು ಕೇಳಿದೆ.

ಇನ್ನು ಬಾಯಾರು ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡಿದ್ದೆ. ಕೆಲವು ವಾರ ಬಿಟ್ಟು ಬಂದರು. ಮೂಲೆಯ ಕುರ್ಚಿಯಲ್ಲಿ ಕೂತು, ಕಿವಿಯ ಮೇಲಿನ ಕೂದಲು ಸರಿಸಿ, ನನ್ನನ್ನು ಕರೆದರು.

"ಮಾಲಕರ, ಈ ಹಿಸ್ಟರಿ ಅಂತ ಐತೆಲ್ಲ, ಅದನ್ನ ಅಳಸೂದ ಹೆಂಗ? ಕಲಸ್ರಿ."

ಅವರ ಕುರ್ಚಿಯ ಹಿಂದೆ ನಿಂತು, ಇದನ್ನು ಒತ್ತಿರಿ, ಇಲ್ಲಿ ಬನ್ನಿ, ಹೌದು ಅನ್ನಿ ಎಂದು ಕಲಿಸಿದೆ. ಅವರು ಒಂದು ಸಲ ಮಾಡಿ ನೋಡಿದರು. ಆಮೇಲೆ ಎದ್ದು, ಖಾಲಿಯಿದ್ದ ಉಳಿದ ಕಂಪ್ಯೂಟರುಗಳ ಮುಂದೆಯೂ ಒಂದೊಂದಾಗಿ ಕೂತು ಎಲ್ಲವನ್ನೂ ಅಳಿಸಿದರು. ನಾನು ತಡೆಯಲಿಲ್ಲ. ನನ್ನ ಕೌಂಟರಿನಿಂದಲೇ ಬಿಳಿ ಹಾಳೆ, ಸ್ಕೆಚ್ ಪೆನ್ನು ಕೇಳಿ ಪಡೆದು ದಪ್ಪಕ್ಷರದಲ್ಲಿ ಬರೆದರು, ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ: 'ಏಳುವ ಮೊದಲು ಕಸ ಹೊಡೆಯಿರಿ.' ಕೆಳಗೆ, ಹಿಸ್ಟರಿಯ ಕಸ ಹೊಡೆಯುವ ವಿಧಾನ. ಪ್ರತಿ ಕಂಪ್ಯೂಟರಿನ ಪಕ್ಕ ಅಂಟಿಸಿದರು.

"ಹಳೇ ಬೋರ್ಡಿಗೆ ಜೋಡಿ ಆತು," ಎಂದರು. ನಗಲಿಲ್ಲ. ಆದರೆ ನನಗೆ ನಗಬೇಡವೆಂದೂ ಹೇಳಲಿಲ್ಲ.

ಅಂಗಡಿ ಮುಚ್ಚುವ ತನಕ ಆ ಹಾಳೆಗಳು ಹಾಗೇ ಇದ್ದವು. ಬಾಯಾರೂ ಬರುತ್ತಲೇ ಇದ್ದರು. ರೈಲಿನ ಸಮಯ, ನಂಬರುಗಳು, ಔಷಧಗಳು. ಆ ವಿಷಯ ನಮ್ಮ ನಡುವೆ ಎಂದೂ ಬರಲಿಲ್ಲ. ಕವಳಿ ಹಣ್ಣನ್ನೂ ಮತ್ತೆ ತಂದರು, ಬೋರ್ಡಿನ ಕೆಳಗೆ ಇಡದೆ ನನ್ನ ಕೈಗೇ ಕೊಟ್ಟರು. ಯಾಕೆ ಬರುತ್ತೀರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬೇರೆ ಅಂಗಡಿಗಳು ಆಗಲೇ ಸಾಕಷ್ಟಿದ್ದವು.

ಸುದ್ದಿ ಬಂದ ಮರುದಿನ ಖಾನಾಪುರಕ್ಕೆ ಹೋದೆ. ಅಣ್ಣನ ಮಗಳೇ ಬಾಗಿಲಿಗೆ ಬಂದಳು. ಅವಳ ಕೂದಲೂ ಅರ್ಧ ಬೆಳ್ಳಗಾಗಿದೆ. ಮದುವೆಯಾಗಿಲ್ಲ, ಅಲ್ಲೇ ಒಂದು ಸೊಸೈಟಿಯಲ್ಲಿ ಕೆಲಸ. ಹಿಂದವಾಡಿಯಿಂದ ಬಂದೆ ಎಂದೆ.

"ಹಿಂದವಾಡಿ ಇಂಟರ್‌ನೆಟ್ ಕಾಕಾರೇನ್ರಿ? ಬರ್ರಿ, ಕುಂದರ್ರಿ. ಅತ್ತಿ ನಿಮ್ಮ ಸುದ್ದಿ ಭಾಳ ಹೇಳತಿದ್ಲು."

ನಾನು ಕೂರದೆ ಕೇಳಿದೆ, "ಏನ ಹೇಳತಿದ್ರವ್ವಾ?"

"ಕಂಪ್ಯೂಟರ್ ಬಡದು ಬಡದು ಎಬ್ಬಸ್ತಾರಂತ."

ಅಷ್ಟೇ. ಅಣ್ಣಾರ ಕಿವಿಗೆ ಹಾಕಿದವನು ನಾನೆಂದು ಬಾಯಾರು ಅವಳಿಗೂ ಹೇಳಿರಲಿಲ್ಲ.

ನಾನು ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಾಗ, ಹಾಲು ಮಾರುವ ವಯಸ್ಸಾದ ಹೆಂಗಸೊಬ್ಬಳು ಹಿತ್ತಲ ಬಾಗಿಲಿಂದ ಅಡುಗೆ ಮನೆಗೆ ಬಂದಳು. ನಾನಿರುವುದು ಅವಳಿಗೆ ಗೊತ್ತಿರಲಿಲ್ಲ. ಅಳುತ್ತ ಹೇಳಿದ್ದು ಗೋಡೆಯ ಈಚೆಗೂ ಕೇಳಿತು.

"ನನ್ನ ಮಗಳ ಬಾಳ ಉಳಿಸಿದಾಕಿ ಹೋದಳವ್ವಾ. ಲಗ್ನಾದ ಹೊಸದಾಗ ಅಕಿಗೆ ಫಿಟ್ಸ್ ಬರಾಕ ಹತ್ತಿದ್ದು. ಹಬ್ಬಕ್ಕ ತವರಿಗೆ ಬಂದಾಗ ನಾವಷ್ಟ ನೋಡಿದ್ವಿ. ಗಂಡನ ಮನ್ಯಾಗ ತಿಳದ್ರ ಹೊಳ್ಳಿ ಕಳಸೂವರು. ಬಾಯಾರು ಬೆಳಗಾಂವಿಗೆ ಹೋಗಿ ಕಂಪ್ಯೂಟರದಾಗ ಕೇಳ್ಕೊಂಡ ಬಂದ್ರು. ದೆವ್ವ ಅಲ್ಲ, ಗುಳಗಿ ನುಂಗಿದ್ರ ನಿಲ್ಲತೈತಿ, ಮಕ್ಕಳೂ ಆಗತಾವು ಅಂದ್ರು. ಡಾಕ್ಟರ ಹಂತೇಕ ತಾವೇ ಕರಕೊಂಡ ಹೋದ್ರು. ಈಗ ಅಕಿ ಮಗಾ ಕಾಲೇಜಿಗೆ ಹೋಗತಾನ. ಇವತ್ತಿಗೂ ಆ ಮನ್ಯಾಗ ಯಾರಿಗೂ ಗೊತ್ತಿಲ್ಲವ್ವಾ, ಇವತ್ತಿಗೂ!"

ಹಾಲಿನಾಕೆ ಹೋದಳು. ಅಣ್ಣನ ಮಗಳು ಹೊರಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ತನ್ನ ಮದುವೆ ಯಾರ ಗುಟ್ಟು ಕಾಯಲು ಹೋಗಿ ಮುರಿಯಿತೆಂಬುದು ಅವಳಿಗೆ ಆಗ ತಾನೇ ತಿಳಿದಿತ್ತು.

"ಕೇಳಿಸ್ತೇನ್ರಿ?"

"ಕೇಳಿಸ್ತವ್ವಾ." ಮತ್ತೆ ಕದ್ದು ಕೇಳಿದಂತಾಗಿತ್ತು. ಇನ್ನು ನುಂಗಲಾಗಲಿಲ್ಲ. "ಅಣ್ಣಾರಿಗೆ ಹೇಳಿದಾಂವ ನಾನು."

ಎಲ್ಲವನ್ನೂ ಹೇಳಿದೆ. ಗುಂಡಿ, ಚಿತ್ರ, ಆ 'ಆದ್ರ', ಕೌಂಟರಿನ ಧೂಳು. ಅವಳು ಕೊನೆಗೆ ಕೇಳಿದಳು:

"ಅತ್ತಿಗೆ ಗೊತ್ತಿತ್ತೇನ್ರಿ, ನೀವಂತ?"

"ಅವತ್ತೇ ಗೊತ್ತಾಗಿತ್ತು."

"ಆದ್ರೂ ನಿಮ್ಮ ಅಂಗಡಿಗೇ ಬರತಿದ್ಲು?"

"ಬರತಿದ್ರು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಕೈ ಮುಗಿದೆ. ಅವಳು ಅದನ್ನು ನೋಡಿಯೂ ನೋಡದವಳಂತೆ ಇದ್ದಳು.

"ಕಾಕಾರ, ಆ ಮನಿಗೆ ಹೋಗಿದ್ರ ನಾ ಹೆಂಗ ಇರತಿದ್ನೋ ಯಾರಿಗೆ ಗೊತ್ತು. ಅದನ್ನ ನೀವು ಹೊರಬ್ಯಾಡ್ರಿ, ಅದು ನಂದು. ಮಾಫಿ ಮಾಡೇನಿ ಅಂತ ಹೇಳಾಕ ಇವತ್ತ ನನಗ ಬರೂದಿಲ್ಲ." ಹಿತ್ತಲ ಬಾಗಿಲ ಕಡೆ ನೋಡಿದಳು. "ಆದ್ರ ಈಗ ಬಂದಿದ್ದಳಲ್ಲ, ಅಕಿ ಹೆಸರ, ಅಕಿ ಊರ ನಿಮ್ಮ ಬಾಯಿಂದ ಬರಬಾರದು. ಇಷ್ಟ ಮಾಡ್ರಿ ಸಾಕು."

ಬರುವಾಗ ಬಾಗಿಲ ತನಕ ಬಂದಳು. ಚಹಾ ಕೊಡಲಿಲ್ಲ.

ಅದಕ್ಕೇ ಇದರಲ್ಲಿ ಯಾರ ಹೆಸರೂ ಇಲ್ಲ. ಹಾಲು ಎಂದು ಬರೆದಿದ್ದೇನೆ. ಆ ತಾಯಿ ಮಾರುತ್ತಿದ್ದುದು ಹಾಲಲ್ಲ. ಬಾಯಾರು ಕೂತಿದ್ದುದು ಬಿಲ್ಲಿನ ಕಿಟಕಿಯಲ್ಲೇ ಎಂದು ನಂಬಬೇಡಿ, ಪ್ರಶ್ನೆಗಳು ಬರುತ್ತಿದ್ದುದು ಕಣಕುಂಬಿಯ ದಾರಿಯಿಂದಲೇ ಎಂದೂ ನಂಬಬೇಡಿ. ನನ್ನ ತಪ್ಪೊಂದನ್ನು ಬಿಟ್ಟು, ಗುರುತು ಹಿಡಿಯಬಹುದಾದ ಎಲ್ಲ ಕಡೆ ನಾನು ಕಸ ಹೊಡೆದಿದ್ದೇನೆ. ಆದರೂ ಯಾರಾದರೂ ಕುತೂಹಲದಿಂದ ಆ ತಾಯಿಯ ಮಗಳನ್ನು ಹುಡುಕಿಕೊಂಡು ಹೊರಟರೆ, ಬಾಯಾರು ಬೆನ್ನು ನೆಟ್ಟಗೆ ಮಾಡಿ ಹೇಳುತ್ತಿದ್ದ ಮಾತನ್ನೇ ನಾನೂ ಹೇಳುತ್ತೇನೆ: ತಾವು ಹುಡುಕುತ್ತಿರುವ ಪುಟವು ಅಸ್ತಿತ್ವದಲ್ಲಿಲ್ಲ.